ಕಾರ್ಖಾನೆಯ ನೀರಿನ ಲೆಕ್ಕ



ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿಯು ಬೆಂಗಳೂರಿನ ಕೊಳಚೆಯನ್ನು ಹೊತ್ತು ನಮ್ಮ ಕೆಲವರಪಳ್ಳಿ ಜಲಾಶಯವನ್ನು ಸೇರುವಳು. ಅಲ್ಲಿಯ ನೊರೆಯನ್ನು ನೀವು ಕಂಡಿರುವಿರಿ. ಆದರೆ ಮೇಲಿನವರ ದೋಷವು ನಮಗೆ ರಹದಾರಿಯಲ್ಲ.

ಕೈಗಡಿಯಾರ, ಲಾರಿ, ಮೋಟಾರು ಸೈಕಲುಗಳು ತಯಾರಾಗುವ ಹೊಸೂರಿನಲ್ಲಿ ನೀರಿನ ಮಲಿನತೆಯೂ ನಾನಾ ವಿಧ. ಲೋಹಲೇಪನದ ಕ್ರೋಮಿಯಂ ನೀರು ಭೋಜನಶಾಲೆಯ ಕೊಳಚೆಯೊಡನೆ ಬೆರೆತರೆ, ಕೊಳಚೆಯನ್ನು ಶುದ್ಧಿಗೊಳಿಸುವ ಸೂಕ್ಷ್ಮಜೀವಿಗಳೇ ಸಾಯುವುವು. ಆದುದರಿಂದ ವಿಭಾಗ ವಿಭಾಗದ ನೀರನ್ನು ಹುಟ್ಟಿದೆಡೆಯಲ್ಲಿಯೇ ಬೇರ್ಪಡಿಸಬೇಕು. ಒಳಬಂದುದೆಷ್ಟು, ಹೊರಹೋದುದೆಷ್ಟು ಎಂದು ದಿನವೂ ಬರೆದಿಡಬೇಕು. ಸಸಿ ನೆಟ್ಟ ಮಾತ್ರಕ್ಕೆ ಈ ಋಣ ತೀರದು.

ಜಲಮಾಲಿನ್ಯದ ಕಾನೂನು 1974ರಲ್ಲಿಯೇ ಬಂದಿತು. ಆದರೆ ಲೆಕ್ಕ ಬರೆಯುವ ಕೈ ನಮ್ಮ ಮಕ್ಕಳದು. ಅದು ಸುಳ್ಳು ಬರೆಯದಿರಲಿ. ಕೆಳಗಡೆ ಕೃಷ್ಣಗಿರಿಯ ರೈತನು ಇದೇ ನದಿಯನ್ನು ನಂಬಿರುವನು.