ಸಾರಿಗೆ ಮೀನು ಸರಿ, ಮೀನಿಗೆ ನೀರು ಯಾವುದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಸಂಕ್ರಾಂತಿ ಮುಗೀತು, ಎಳ್ಳು-ಬೆಲ್ಲ ಖಾಲಿಯಾಯ್ತು. ಇವತ್ತಿನ ಸಂಚಿಕೆ ಮೀನಿನ ಬಗ್ಗೆ. ಸಮುದ್ರದ ಮೀನಲ್ಲ, ಕೋಲಾರ ಜಿಲ್ಲೆಯ ಕೆರೆ ಮೀನು. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕೆರೆಗೆ ಹೋಗಿ ಗಾಳ ಹಾಕಿ, ಸಿಕ್ಕಿದ್ದನ್ನ ತಂದು ಸಾರು ಮಾಡೋದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ನಮ್ಮನೇಲೂ ಇದೆ. ಈ ಸಲ ನಮ್ಮನೇಲಿ ಹೊರಡೋ ಮುಂಚೆ ಒಂದು ಜಗಳವಾಯ್ತು. ಯಾವ ಕೆರೆಗೆ ಹೋಗೋದು ಅನ್ನೋದೇ ಜಗಳ. ಇದು ನಮ್ಮನೆಯೊಂದರ ಜಗಳ ಅಲ್ಲ ಅನ್ನಿಸಿ ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಸ್ವಲ್ಪ ಹಿನ್ನೆಲೆ. ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ನಮಗೆ ಇರೋದು ಕೆರೆಗಳು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಮುಂದಿನದಕ್ಕೆ. ಸರಪಳಿ ಥರ ಕಟ್ಟಿದ್ದಾರೆ ಹಿರಿಯರು. ಆದರೆ ನಾನು ಸ್ಕೂಲಿಗೆ ಹೋಗುವಾಗ ಈ ಕೆರೆಗಳಲ್ಲಿ ನೀರೇ ಇರ್ತಿರಲಿಲ್ಲ. ಕೆರೆ ಅಂಗಳದಲ್ಲಿ ಜಾಲಿ ಬೆಳೆದಿತ್ತು, ನಾವು ಅಲ್ಲೇ ಕ್ರಿಕೆಟ್ ಆಡ್ತಿದ್ವಿ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಬರೀ ಧೂಳು ಬರ್ತಿತ್ತು.

ಆಮೇಲೆ ಎರಡು ಥರದಲ್ಲಿ ನೀರು ಬಂತು. ಒಂದು, ಕೆ.ಸಿ. ವ್ಯಾಲಿ ಯೋಜನೆ. ಕೋರಮಂಗಲ-ಚಲ್ಲಘಟ್ಟ ಕಣಿವೆ ಅಂತ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ಪೈಪಿನಲ್ಲಿ ತಂದು ಕೆರೆಗೆ ಬಿಡೋದು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗಳು ಅನ್ನೋದು ಯೋಜನೆಯ ಲೆಕ್ಕ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಸ್ವಲ್ಪ ದಿನಕ್ಕೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿನವರೆಗೂ ಹೋಯ್ತು. ಎರಡನೆಯದು, ಮಳೆ. 2021ರ ನವೆಂಬರಿನಲ್ಲಿ ಸುರಿದ ಮಳೆ ನೆನಪಿದೆಯಲ್ವಾ? ಎಷ್ಟೋ ವರ್ಷದಿಂದ ತುಂಬದೇ ಇದ್ದ ಕೆರೆಗಳೂ ಕೋಡಿ ಹೋದವು. ಜನ ಕೋಡಿಗೆ ಪೂಜೆ ಮಾಡಿ ಬಾಗಿನ ಬಿಟ್ಟರು.

ಹಾಗಾಗಿ ಇವತ್ತು ನಮ್ಮ ಜಿಲ್ಲೇಲಿ ಎರಡು ಜಾತಿ ಕೆರೆ. ಪೈಪಿನ ನೀರಿನ ಕೆರೆ, ಮಳೆ ನೀರಿನ ಕೆರೆ. ನಮ್ಮೂರು ಮುಳಬಾಗಿಲು ಕಡೆ. ನಮ್ಮೂರ ಕೆರೆಗೆ ಪೈಪಿನ ನೀರು ಬರಲ್ಲ. ನಮ್ಮತ್ತೆಯನ್ನ, ಅಂದ್ರೆ ಅಪ್ಪನ ತಂಗಿಯನ್ನ, ಕೊಟ್ಟಿರೋ ಊರಿನ ಕೆರೆಗೆ ಬರುತ್ತೆ. ಅದು ಬೇಸಿಗೆಯಲ್ಲೂ ತುಂಬಿರುತ್ತೆ, ಮೀನೂ ಜಾಸ್ತಿ. ಮಾವ ಫೋನ್ ಮಾಡಿ "ಈ ಸಲ ಎಲ್ರೂ ನಮ್ಮೂರಿಗೇ ಬನ್ನಿ" ಅಂದ್ರು. ಅಜ್ಜಿ ಒಪ್ಪಲಿಲ್ಲ. "ಅಳಿಯಂದಿರ ಮನೆ ಅನ್ನ ಉಣ್ತೀನಿ, ಆ ಕೆರೆ ಮೀನು ಮಾತ್ರ ಮುಟ್ಟಲ್ಲ" ಅಂದ್ಬಿಟ್ರು. ದೊಡ್ಡಪ್ಪ ಇಬ್ಬರ ಮಧ್ಯೆ ಸಿಕ್ಕಿಹಾಕ್ಕೊಂಡ್ರು. ಕೊನೆಗೆ ನಮ್ಮೂರ ಕೆರೆ ಅಂತ ತೀರ್ಮಾನವಾಯ್ತು, ಅತ್ತೆ-ಮಾವ ಮಕ್ಕಳನ್ನ ಕರ್ಕೊಂಡು ಇಲ್ಲಿಗೇ ಬಂದ್ರು.

ಹೋಗೋರಿಗೆ ಒಂದೆರಡು ಮಾತು. ಕೆರೆ ಊರಿನದಾದರೂ ಮೀನು ಊರಿನದಲ್ಲ. 40 ಹೆಕ್ಟೇರ್‌ಗಿಂತ ದೊಡ್ಡ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದು, ಚಿಕ್ಕವು ಗ್ರಾಮ ಪಂಚಾಯಿತಿಯದು. ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರ್ತಾರೆ. ಗುತ್ತಿಗೆದಾರರು ದುಡ್ಡು ಕೊಟ್ಟು ಮರಿ ಬಿಟ್ಟಿರ್ತಾರೆ. ಅವರನ್ನ ಕೇಳಿ, ಒಪ್ಪಿಸಿ, ಆಮೇಲೆ ಗಾಳ ಹಾಕಿ. ದೊಡ್ಡಪ್ಪ ಹಿಂದಿನ ದಿನವೇ ಮಾತಾಡಿದ್ರು: ಗಾಳಕ್ಕೆ ಬಿದ್ದಿದ್ದು ನಮಗೆ, ಉಳಿದಿದ್ದನ್ನ ಅವರ ಹತ್ರಾನೇ ಕೊಂಡ್ಕೋಬೇಕು ಅಂತ.

ಇನ್ನೊಂದು ಮಾತು, ಮಕ್ಕಳಿದ್ದರೆ ದಯವಿಟ್ಟು ಕೇಳಿ. ನಮ್ಮ ಕಡೆ ಕೆರೆಗಳಲ್ಲಿ ಮಣ್ಣು ತೆಗೆದ ಗುಂಡಿಗಳಿರ್ತವೆ. ನೀರು ತುಂಬಿದ ಮೇಲೆ ಅವು ಕಾಣಲ್ಲ. ಮೊಣಕಾಲುದ್ದ ನೀರು ಅಂತ ನಡೀತಾ ಹೋದ್ರೆ ಮುಂದಿನ ಹೆಜ್ಜೆಗೆ ಆಳು ಮುಳುಗೋಷ್ಟು ಆಳ. ಈಜು ಬರೋರೂ ಕೆಸರಲ್ಲಿ ಸಿಕ್ಕಿಹಾಕ್ಕೊಳ್ತಾರೆ. ಮಕ್ಕಳನ್ನ ನೀರಿಗಿಳಿಸಬೇಡಿ. ನಾವು ಕಲ್ಲು ಕಟ್ಟಿದ ಏರಿ ಮೇಲೇ ಕೂತ್ವಿ, ಮಕ್ಕಳನ್ನ ನೋಡ್ಕೊಳ್ಳೋಕೆ ಅಂತಾನೇ ಒಬ್ಬರನ್ನ ಬಿಟ್ವಿ.

ಚಳಿಗಾಲದಲ್ಲಿ ಬೆಳಗ್ಗೆ ಐದಕ್ಕೇ ಎದ್ದು ಓಡೋದು ದಂಡ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತೆ. ನೀರು ತಣ್ಣಗಾದರೆ ಅದಕ್ಕೆ ಹಸಿವೂ ಕಮ್ಮಿ, ಓಡಾಟವೂ ಕಮ್ಮಿ. ಬಿಸಿಲು ಏರಿ ದಡದ ನೀರು ಬೆಚ್ಚಗಾಗೋವರೆಗೂ ಬೆಂಡು ಅಲ್ಲಾಡಲ್ಲ. ನಮಗೆ ಮೊದಲ ಮೀನು ಬಿದ್ದಾಗ ಹತ್ತೂವರೆ. ಬಿದಿರು ಕೋಲು, ಎರೆಹುಳು, ಜೊತೆಗೆ ಉಂಡೆ ಮಾಡಿದ ಮೈದಾ ಹಿಟ್ಟು. ಕಾಟ್ಲಾ ಮೇಲ್ಮಟ್ಟದಲ್ಲಿ ಮೇಯುತ್ತೆ, ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ. ಬೆಂಡು ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನೋದು ಇದರ ಮೇಲೆ. ನಮಗೆ ಬಿದ್ದಿದ್ದು ಒಂಬತ್ತು ಜಿಲೇಬಿ, ಒಂದು ಚಿಕ್ಕ ರೋಹು. ಹನ್ನೊಂದು ಜನಕ್ಕೆ ಅದು ಎಲ್ಲಿಗೆ ಸಾಕು? ಗುತ್ತಿಗೆದಾರರ ಬಲೆಯಿಂದ ಎರಡೂವರೆ ಕೆಜಿ ಕಾಟ್ಲಾ ಕೊಂಡ್ವಿ. ಅಜ್ಜಿ ಕೇಳಿದ್ದು ಕೊರಮೀನು. ಅದು ಈಗ ಸಿಗೋದೇ ಅಪರೂಪ.

ಅಡುಗೆ ವಿಷಯಕ್ಕೆ ಬರೋಣ. ಜಿಲೇಬಿ ಬೆನ್ನ ಮೇಲಿನ ಮುಳ್ಳು ಕೈಗೆ ಚುಚ್ಚುತ್ತೆ, ಮೊದಲು ಅದನ್ನ ಕತ್ತರಿಸಿ. ಪೊರೆಯನ್ನ ಬಾಲದಿಂದ ತಲೆ ಕಡೆಗೆ ಕೆರೀಬೇಕು. ಕರುಳು, ಕಿವಿರು ಎಲ್ಲ ತೆಗೆದು, ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಿ ಮೂರ್ನಾಲ್ಕು ನೀರಲ್ಲಿ ತೊಳೀರಿ. ಕೆಸರು ವಾಸನೆ ಹೋಗೋಕೆ ಅಜ್ಜಿ ಕೊನೇ ಸಲ ಹುಣಸೆ ನೀರಲ್ಲಿ ತೊಳೀತಾರೆ.

ಸಾರಿಗೆ ಧನಿಯ, ಒಣಮೆಣಸಿನಕಾಯಿ, ಮೆಣಸು, ಜೀರಿಗೆ, ಒಂದು ಚಿಟಿಕೆ ಮೆಂತ್ಯ ಹುರಿದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಸ್ವಲ್ಪ ತೆಂಗಿನಕಾಯಿ ಜೊತೆ ರುಬ್ಬೋದು. ಮೆಂತ್ಯ ಜಾಸ್ತಿಯಾದ್ರೆ ಕಹಿ. ಮಣ್ಣಿನ ಮಡಕೇಲಿ ಒಗ್ಗರಣೆ, ಟೊಮೆಟೊ, ಮಸಾಲೆ, ಹುಣಸೆ ಹುಳಿ. ಹಸಿ ವಾಸನೆ ಹೋಗೋವರೆಗೂ ಮೀನಿಲ್ಲದೆ ಚೆನ್ನಾಗಿ ಕುದೀಬೇಕು. ಮೀನು ಕೊನೆಗೆ. ಹಾಕಿದ ಮೇಲೆ ಸೌಟು ಆಡಿಸೋ ಹಾಗಿಲ್ಲ. ಮಡಕೆಯ ಕಂಠ ಬಟ್ಟೇಲಿ ಹಿಡಿದು ಮೆಲ್ಲಗೆ ತಿರುಗಿಸಬೇಕು, ಇಲ್ಲಾಂದ್ರೆ ಮೀನು ಪುಡಿಯಾಗುತ್ತೆ. ಹತ್ತು ನಿಮಿಷ ಸಾಕು. ಜಿಲೇಬಿಗೆ ಖಾರದ ಪುಡಿ, ನಿಂಬೆ ರಸ, ಅಕ್ಕಿ ಹಿಟ್ಟು ಸವರಿ ಕಾವಲಿ ಮೇಲೆ ಹುರಿದ್ವಿ. ಜೊತೆಗೆ ರಾಗಿ ಮುದ್ದೆ. ಮಾರನೇ ದಿನ ಬೆಳಗ್ಗೆಗೆ ಸಾರು ಇನ್ನೂ ರುಚಿ, ಅದು ನಿಮಗೂ ಗೊತ್ತು.

ಊಟಕ್ಕೆ ಕೂತಾಗ ಮಾವ ಮಾತು ತೆಗೆದ್ರು. ಅವರ ಮಾತನ್ನ ಹಾಗೇ ಹೇಳ್ತೀನಿ. "ನೀನು ಬೆಂಗಳೂರಲ್ಲಿ ಇರೋನು. ನೀನು ಫ್ಲಶ್ ಮಾಡಿದ ನೀರು ನಮ್ಮ ಕೆರೆಗೆ ಬರುತ್ತೆ. ಅದರಿಂದ ನನ್ನ ಬತ್ತಿದ ಬೋರಲ್ಲಿ ನೀರು ಬಂತು, ಟೊಮೆಟೊ ಬೆಳೆದೆ. ಆ ಟೊಮೆಟೊ ಬೆಂಗಳೂರಿಗೇ ಹೋಗುತ್ತೆ, ನೀನೇ ತಿಂತೀಯ. ಈಗ ಇದೇ ಸಾರಿಗೆ ಹಾಕಿರೋ ಟೊಮೆಟೊ ಯಾರ ಹೊಲದ್ದು ಕೇಳು ನಿಮ್ಮಜ್ಜೀನ. ಮೀನು ಮಾತ್ರ ಮೈಲಿಗೆಯಾ?" ಟೊಮೆಟೊ ಅವರೇ ಒಂದು ಬುಟ್ಟಿ ತಂದಿದ್ರು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ನಿಧಾನಕ್ಕೆ ಹೇಳಿದ್ರು, "ಮಕ್ಕಳು ವಾರಕ್ಕೊಂದು ಸಲ ಆ ಮೀನು ತಿಂತಾರೆ ಅಮ್ಮ. ಭಯ ನನಗೂ ಇದೆ. ಮಟನ್ ಬೆಲೆಗೆ ಇನ್ನೇನು ಮಾಡಲಿ?"

ನನಗೆ ಈ ಸಂಚಿಕೆ ಮಾಡಬೇಕು ಅನ್ನಿಸಿದ್ದು ಅತ್ತೆಯ ಮಾತು ಕೇಳಿ. ಮಾವನ ಮಾತಲ್ಲಿ ನ್ಯಾಯ ಇದೆ. ಅಜ್ಜಿಯ ಅನುಮಾನಕ್ಕೂ ಕಾರಣ ಇದೆ. ಈ ನೀರು ತಂದಿರೋದು ಅಂತರ್ಜಲ ಹೆಚ್ಚಿಸೋಕೆ, ನೇರವಾಗಿ ಬಳಸೋಕೆ ಅಲ್ಲ. ಮಣ್ಣಿನಲ್ಲಿ ಇಳಿದು ಬೋರಿಗೆ ಬರೋ ನೀರು ಬೇರೆ, ಮೀನು ದಿನಾ ಉಸಿರಾಡೋ ಕೆರೆ ನೀರು ಬೇರೆ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯ ರೈತರು, ಹೋರಾಟಗಾರರು ಕೇಳ್ತಾನೇ ಇದ್ದಾರೆ. ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತೆ, ಆದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ನೀರಲ್ಲಿದ್ದರೆ ಕುದಿಸಿದ ಮಾತ್ರಕ್ಕೆ ಹೋಗಲ್ಲ. ಅಂಥ ಲೋಹಗಳು ಸಾಮಾನ್ಯವಾಗಿ ಮಾಂಸಕ್ಕಿಂತ ಪಿತ್ತಜನಕಾಂಗ, ಕಿವಿರುಗಳಲ್ಲಿ ಹೆಚ್ಚು ಸೇರ್ತವೆ. ಹಾಗಾಗಿ ಕರುಳು, ಕಿವಿರು ಪೂರ್ತಿ ತೆಗೀರಿ. ಆಫ್ರಿಕನ್ ಕ್ಯಾಟ್‌ಫಿಶ್ ಕೊಟ್ಟರೆ ಬೇಡ ಅನ್ನಿ. ಅದರ ಸಾಕಾಣಿಕೆಯನ್ನ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ.

ಆದರೆ ಇದೆಲ್ಲ ಅಡುಗೆಮನೆ ಜಾಗ್ರತೆ. ಅತ್ತೆಯ ಭಯಕ್ಕೆ ಉತ್ತರ ಅಡುಗೆಮನೇಲಿಲ್ಲ. ಗುತ್ತಿಗೆ ಹರಾಜಿನ ನೋಟಿಸ್ ಪಂಚಾಯಿತಿ ಬೋರ್ಡಿಗೆ ಬರುತ್ತಲ್ಲ, ಅದೇ ಬೋರ್ಡಿಗೆ ಆ ಕೆರೆಯ ನೀರು ಮತ್ತು ಮೀನಿನ ಪರೀಕ್ಷೆಯ ಫಲಿತಾಂಶವೂ ಬರಲಿ. ವರ್ಷಕ್ಕೆ ಎರಡು ಸಲ, ಕನ್ನಡದಲ್ಲಿ, ತಿನ್ನಬಹುದಾ ಬೇಡವಾ ಅಂತ ನೇರವಾಗಿ. ಮೀನು ಹಿಡಿಯೋ ಹಕ್ಕಿಗೆ ದುಡ್ಡು ತಗೊಳ್ಳೋರು ಇಷ್ಟು ಹೇಳಬೇಕಾದ್ದು ಧರ್ಮ. ಗ್ರಾಮಸಭೆಯಲ್ಲಿ ಈ ಪ್ರಶ್ನೆ ಯಾರು ಬೇಕಾದರೂ ಎತ್ತಬಹುದು. ಮುಂದಿನ ಗ್ರಾಮಸಭೇಲಿ ಅರ್ಜಿ ಕೊಡ್ತೀನಿ ಅಂತ ಮಾವ ಒಪ್ಪಿದ್ದಾರೆ. ಬರೆಯೋ ಕೆಲಸ ನನಗೆ ಹಚ್ಚಿದ್ದಾರೆ.

ನಿಮ್ಮೂರ ಕೆರೆಗೆ ನೀರು ಎಲ್ಲಿಂದ ಬರುತ್ತೆ? ಆ ಮೀನು ನೀವು ತಿಂತೀರಾ? ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ನಿಮ್ಮನೆ ಮೀನು ಸಾರಿನ ಮಸಾಲೆ ಬೇರೆ ಇದ್ದರೆ ಅದನ್ನೂ ಹೇಳಿ. ಮುಂದಿನ ವಾರ ಸಿಗೋಣ.