ಬಚ್ಚಲು ಒಡೆಯೋ ಮುಂಚೆ ಒಂದು ಮಾಸ್ಕ್

ಮೈಸೂರಿನ ನಮ್ಮ ಮನೆ ರಿಪೇರಿ ನಡೀತಿದೆ. ಕಳೆದ ವಾರ ಹಳೇ ಬಚ್ಚಲುಮನೆ ಒಡೆಸಿದ್ವಿ. ಸೌದೆ ಒಲೆ, ಮಸಿ ಹಿಡಿದ ಗೋಡೆ, ಆಮೇಲೆ ಹಾಕಿಸಿದ್ದ ಟೈಲ್ಸ್, ಎಲ್ಲಾ ಹೋಯ್ತು. ತಾಮ್ರದ ಹಂಡೆ ಮಾತ್ರ ಅಮ್ಮ ಬಿಡಲಿಲ್ಲ.

ಒಡೆಸೋರು ಮೊದಲು ನೀರಿನ ವಾಲ್ವ್ ಬಂದ್ ಮಾಡಿ. ಗೀಸರ್ ಲೈನಿನ ಎಂಸಿಬಿ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ನೀರು ಹೋಗೋ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಇಲ್ಲಾಂದ್ರೆ ಚೂರು ಬಿದ್ದು ಕಟ್ಟಿಕೊಳ್ಳುತ್ತೆ. ಗೋಡೆಯನ್ನೇ ತೆಗೆಯೋದಾದ್ರೆ, ಅದು ಮೇಲಿನ ಭಾರ ಹೊತ್ತಿದೆಯಾ ಅಂತ ಎಂಜಿನಿಯರ್ ನೋಡಲಿ.

ಆದರೆ ಇವತ್ತು ಮುಖ್ಯವಾಗಿ ಹೇಳಬೇಕಿರೋದು ಧೂಳಿನ ವಿಷಯ. ಟೈಲ್ಸ್, ಇಟ್ಟಿಗೆ, ಕಾಂಕ್ರೀಟ್ ಒಡೆದಾಗ ಸಿಲಿಕಾದ ಸಣ್ಣ ಕಣಗಳು ಏಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವರ್ಷಗಟ್ಟಲೆ ಹೀಗೇ ಉಸಿರಾಡಿದ್ರೆ ಸಿಲಿಕೋಸಿಸ್ ಬರಬಹುದು. ಬಂದ್ರೆ ವಾಸಿಯಾಗಲ್ಲ.

ನಮ್ಮನೆಗೆ ಬಂದ ಅಣ್ಣ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ರು. "ಇಪ್ಪತ್ತು ವರ್ಷದಿಂದ ಅಭ್ಯಾಸ ಆಗೋಗಿದೆ, ಏನಾಗಲ್ಲ ಬಿಡಿ" ಅಂದ್ರು. ಆ ಇಪ್ಪತ್ತು ವರ್ಷವೇ ನನಗೆ ಭಯ ಹುಟ್ಟಿಸಿದ್ದು. ಟವೆಲ್ ಈ ಕಣಗಳನ್ನ ತಡೆಯಲ್ಲ. ಎನ್95 ಮಾಸ್ಕ್, ಕಣ್ಣಿಗೆ ಗಾಗಲ್ಸ್ ತಂದುಕೊಟ್ಟೆ. ಗೋಡೆಗೆ ನೀರು ಚಿಮುಕಿಸಿ ಒಡೆದ್ವಿ. ಧೂಳು ಎಷ್ಟೋ ಕಮ್ಮಿಯಾಯ್ತು.

ನಮಗೆ ಇದು ಎರಡು ದಿನದ ಗಲಾಟೆ. ಅವರಿಗೆ ನಾಳೆ ಇನ್ನೊಂದು ಮನೆ, ನಾಡಿದ್ದು ಮತ್ತೊಂದು. ಟೈಲ್ಸ್ ಆರಿಸೋಕೆ ನಾಲ್ಕು ಅಂಗಡಿ ಸುತ್ತೋ ನಾವು, ಖರ್ಚಿನ ಪಟ್ಟಿಯಲ್ಲಿ ಮಾಸ್ಕ್‌ಗೂ ಒಂದು ಸಾಲು ಬಿಡೋಣ. ಮನೆ ಕೆಲಸ ಮಾಡಿಸ್ತಿರೋ ಗೆಳೆಯರಿಗೆ ಈ ಸಂಚಿಕೆ ಕಳಿಸಿ. ಮತ್ತೆ ಸಿಗೋಣ.