ಬಲೆ ಯಾರದು, ಮೀನು ಯಾರದು?

(ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತು)



ನಾವು ಬಯಲುಸೀಮೆಯ ಕೇರಿಗಳಿಂದ ಬಂದವರು. ನಮಗೆ ಕೆರೆ ಗೊತ್ತು, ಬಾವಿ ಗೊತ್ತು, ಬಾವಿಕಟ್ಟೆಯಿಂದ ದೂರ ನಿಲ್ಲೋದೂ ಗೊತ್ತು. ಸಮುದ್ರ ಗೊತ್ತಿರಲಿಲ್ಲ. ಮೊದಲ ಸಲ ಮಲ್ಪೆಯ ದಡದಲ್ಲಿ ನಿಂತಾಗ ನಮ್ಮಲ್ಲೊಬ್ಬ ಕೇಳಿದ: "ಇಷ್ಟೊಂದು ನೀರು! ಇದನ್ನ ಮುಟ್ಟಬೇಡ ಅನ್ನೋರು ಯಾರೂ ಇಲ್ವಾ?" ಇನ್ನೊಬ್ಬ ಹೇಳಿದ: "ಕುಡಿಯೋಕೆ ಬರಲ್ವಲ್ಲ, ಅದಕ್ಕೇ ಇಲ್ಲ."

ನಕ್ಕೆವು. ಆದರೆ ನಗೋ ಮಾತಲ್ಲ ಅದು. 1927ರಲ್ಲಿ ಬಾಬಾಸಾಹೇಬರ ಹಿಂದೆ ಹೋಗಿ ಮಹಾಡಿನ ಚೌಡಾರ್ ಕೆರೆಯ ನೀರು ಕುಡಿದದ್ದಕ್ಕೆ ನಮ್ಮ ಜನ ಏಟು ತಿಂದರು. ಉಪ್ಪುನೀರಿಗೆ ಮಡಿಯಿಲ್ಲ, ನಿಜ. ಆದರೆ ಆ ನೀರಿನೊಳಗಿನ ಮೀನು ದಡಕ್ಕೆ ಬಿದ್ದ ಕೂಡಲೆ ಅದಕ್ಕೊಬ್ಬ ಒಡೆಯ ಹುಟ್ಟಿಕೊಳ್ತಾನೆ. ಇವತ್ತು ಹೇಳಬೇಕಾದದ್ದು ಅದನ್ನೇ.

ನಾವು ಹೋದದ್ದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ನಿಯಮ ಸರಿಯೇ. ಆದರೆ ಹೊಟ್ಟೆಗೆ ರಜೆ ಇದೆಯಾ? ಸರಕಾರದ ಉಳಿತಾಯ ಪರಿಹಾರ ಯೋಜನೆ ಅಂತ ಒಂದಿದೆ. ಅದಕ್ಕೂ ಮೀನುಗಾರ ಮೊದಲು ತನ್ನ ಜೇಬಿನಿಂದಲೇ ದುಡ್ಡು ಕಟ್ಟಬೇಕು.

ಹರಿದ ಬಲೆ ಸರಿಮಾಡುತ್ತ ಕೂತಿದ್ದ ಒಬ್ಬ ಮುದುಕ ನಮ್ಮನ್ನು ಕರೆದ. "ಘಟ್ಟದ ಮೇಲಿನವರಾ ಮಾರಾಯ್ರೆ? ಕೂತ್ಕೊಳ್ಳಿ."

ಆತ ರಂಪಣಿಯ ಕತೆ ಹೇಳಿದ. ರಂಪಣಿ ಅಂದ್ರೆ ದಡದಿಂದ ಎಳೆಯುವ ಭಾರೀ ಉದ್ದದ ಬಲೆ. ಒಬ್ಬನ ಸ್ವತ್ತಲ್ಲ ಅದು. ಮನೆಮನೆಯ ಬಲೆಯ ತುಂಡುಗಳನ್ನು ಜೋಡಿಸಿ ಒಂದು ಮಾಡುತ್ತಿದ್ದರು. ಬಂಗುಡೆ, ಬೂತಾಯಿಯ ಹಿಂಡು ಬಂತು ಅಂದ್ರೆ ಊರಿಗೆ ಊರೇ ಹಗ್ಗ ಹಿಡಿಯುತ್ತಿತ್ತು. "ಹಗ್ಗಕ್ಕೆ ಕೈ ಹಾಕಿದವ ಬರಿಗೈಯಲ್ಲಿ ಹೋದದ್ದಿಲ್ಲ," ಅಂದ ಮುದುಕ.

1970ರ ದಶಕದ ನಡುವಿನಿಂದ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಹಿಂಡಿಗೆ ಹಿಂಡನ್ನೇ ಸುತ್ತುಗಟ್ಟಿ ಎತ್ತಿದವು. ಸಾಲ ಹುಟ್ಟಿದವ ಬೋಟಿನ ಯಜಮಾನನಾದ. ಸಾಲ ಹುಟ್ಟದವ ಅದೇ ಬೋಟಿನ ಕಲಾಸಿಯಾದ. ಬಲೆಯಲ್ಲಿ ಪಾಲಿದ್ದವನು ಬೆವರಿಗಷ್ಟೇ ಪಾಲುದಾರನಾದ.

ಮುದುಕನ ಮಗನೂ ಕಲಾಸಿ. ಆಳಸಮುದ್ರಕ್ಕೆ ಹೋದರೆ ಹತ್ತು ಹನ್ನೆರಡು ದಿನ ಮನೆಯ ಮುಖ ಕಾಣುವುದಿಲ್ಲ. ಡೀಸೆಲು ಕಳೆದು, ಐಸು ಕಳೆದು, ರೇಷನ್ನು ಕಳೆದು, ಯಜಮಾನನ ಪಾಲು ಕಳೆದು ಉಳಿದದ್ದನ್ನು ತಾಂಡೇಲ, ಕಲಾಸಿಗಳು ಹಂಚಿಕೊಳ್ಳಬೇಕು. ಸೊಸೆ ನಸುಕಿಗೇ ಏಲಂನಲ್ಲಿ ನಿಂತು ಮೀನು ಹಿಡಿದು, ಬುಟ್ಟಿ ಹೊತ್ತು ಬೀದಿ ತಿರುಗುತ್ತಾಳೆ. ಬುಟ್ಟಿ ಕಂಡರೆ ಬಸ್ಸಿನವ ನಿಲ್ಲಿಸುವುದಿಲ್ಲ. ನಾತವಂತೆ! ಮನೆಗೆ ಹೋಗಿ ಅದೇ ಮೀನಿನ ಸಾರು ಚಪ್ಪರಿಸುವವನೂ ಅವನೇ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಕಡೆಯ ಕಡಲ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು ಅವಶೇಷ. ಆ ಐದು ತಿಂಗಳು ಏಳು ಮನೆಗಳ ಹೆಂಗಸರು ತಾವು ಮುತ್ತೈದೆಯರೋ ವಿಧವೆಯರೋ ತಿಳಿಯದೆ ಬದುಕಿದರು. ಯಾವ ಏಲಂನಲ್ಲಿ ಇದಕ್ಕೆ ಬೆಲೆ ಕಟ್ಟುತ್ತೀರಿ?

ಇಲ್ಲಿಗೆ ಮಾತು ನಿಲ್ಲಿಸಿದ್ದರೆ ಕಣ್ಣೊರೆಸಿಕೊಂಡು ಎದ್ದು ಹೋಗಬಹುದಿತ್ತು. ಆದರೆ ನಾವು ಮುದುಕನನ್ನು ಇನ್ನೊಂದು ಮಾತು ಕೇಳಿದೆವು: "ಅಜ್ಜಾ, ರಂಪಣಿಯ ಹಗ್ಗಕ್ಕೆ ನಮ್ಮಂಥವರೂ ಕೈ ಹಾಕಬಹುದಿತ್ತಾ?"

ಅಜ್ಜ ಬಲೆಯಿಂದ ತಲೆ ಎತ್ತಲಿಲ್ಲ.

ಈಗ ಅದೇ ಬಂದರಿನಲ್ಲಿ ಒಡಿಶಾದವರು, ಜಾರ್ಖಂಡಿನವರು, ನಮ್ಮ ಉತ್ತರ ಕರ್ನಾಟಕದವರು ದುಡಿಯುತ್ತಾರೆ. ನಮ್ಮ ತಾಂಡಾಗಳ, ಕೇರಿಗಳ ಅವ್ವಂದಿರು ಮೀನು ಆಯುತ್ತಾರೆ, ಹೊರುತ್ತಾರೆ. 2025ರ ಮಾರ್ಚ್ 18ರಂದು ಅಂಥ ಒಬ್ಬ ಹೆಣ್ಣುಮಗಳನ್ನು, ಪರಿಶಿಷ್ಟ ಜಾತಿಯವಳನ್ನು, ಮೀನು ಕದ್ದಳೆಂದು ಮರಕ್ಕೆ ಕಟ್ಟಿ ಹೊಡೆದರು. ಹೊಡೆದವರಲ್ಲಿ ಹೆಂಗಸೂ ಇದ್ದಳು. ಸುತ್ತ ನಿಂತ ಗಂಡಸರು ನೋಡುತ್ತಿದ್ದರು. ವಿಡಿಯೋ ಹರಿದಾಡಿದ ಮೇಲೆ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸಾಯಿತು, ಕೆಲವರ ಬಂಧನವಾಯಿತು. ಬಂಧಿತರ ಪರವಾಗಿ ಪ್ರತಿಭಟನೆಯೂ ಆಯಿತು!

ಯೋಚನೆ ಮಾಡಿ. ರಂಪಣಿಯ ದಿನಗಳಲ್ಲಿ ಕೈ ಹಾಕಿದವನಿಗೆ ಸಿಕ್ಕ ಮೀನಿನ ಹೆಸರು ಪಾಲು. ಇವತ್ತು ದಿನವಿಡೀ ಮೀನು ಹೊತ್ತವಳ ಕೈಯಲ್ಲಿ ಉಳಿದರೆ ಅದರ ಹೆಸರು ಕಳ್ಳತನ. ಇಡೀ ಕಡಲನ್ನೇ ಗೋರಿದವನಿಗೆ ಮರವೂ ಇಲ್ಲ, ಹಗ್ಗವೂ ಇಲ್ಲ.

ಕಲಾಸಿ ನಮ್ಮ ವೈರಿಯಲ್ಲ ಗೆಳೆಯರೆ. ಅವನ ಹೊಟ್ಟೆಯೂ ನಮ್ಮ ಹೊಟ್ಟೆಯೇ. ಆದರೆ ತನ್ನ ಪಾಲು ಕಿತ್ತುಕೊಂಡವನನ್ನು ಬಿಟ್ಟು, ತನಗಿಂತ ಕೆಳಗಿನವಳ ಕೈ ಕಟ್ಟುವುದನ್ನು ಅವನಿಗೆ ಕಲಿಸಿದ್ದು ಯಾವುದು? ಜಾತಿ. ದುಡಿಯುವವರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದ ಜಾತಿ. ಆ ಹಗ್ಗ ಬಿಚ್ಚದೆ ಅವನಿಗೂ ಬಿಡುಗಡೆಯಿಲ್ಲ ಅಂತ ಅವನ ಎದುರೇ ಕೂತು ಹೇಳಬೇಕು. ಬೈದಲ್ಲ, ಅಣ್ಣಾ ಅಂತ ಕರೆದು ಹೇಳಬೇಕು.

ಉಡುಪಿ, ಮಂಗಳೂರಿನ ಹಾಸ್ಟೆಲುಗಳಲ್ಲಿ ಓದುವ ತಮ್ಮಂದಿರೆ, ತಂಗಿಯರೆ, ಒಂದು ಭಾನುವಾರ ಬಂದರಿಗೆ ಹೋಗಿ. ಫೋಟೋ ತೆಗೆಯೋಕಲ್ಲ. ಮೀನು ಆಯುವ ಅವ್ವನ ಪಕ್ಕ ಕೂತು ಕೇಳಿ: ಕೂಲಿ ಎಷ್ಟು, ಮಲಗೋದು ಎಲ್ಲಿ, ಮಕ್ಕಳು ಶಾಲೆಗೆ ಹೋಗ್ತವಾ? ಯಾರಾದರೂ ಕೈ ಮಾಡಿದರೆ ಕಾನೂನಿದೆ, ನಾವಿದ್ದೇವೆ ಅಂತ ಹೇಳಿ ಬನ್ನಿ.

ಅಕ್ಷರ ಕಲಿತ ನಾವು ಕವಿತೆ ಆಮೇಲೆ ಬರೆಯೋಣ. ಮೊದಲು ಆ ಹಗ್ಗದ ಗಂಟು ಬಿಚ್ಚೋಣ.

ಜೈಭೀಮ್.